ಮಬ್ಬು ಬದಿ ಕೆಳಗೆ

ದೇವರಿಗೆ ದೀಪ ಹಚ್ಚಿದ ಮೇಲೆ ನಳಿನಾಕ್ಷಿ ದಿನಾ ಬೆಳಿಗ್ಗೆ ಮೂರು ಸಲ ಕೈ ಮುಗಿಯುತ್ತಾಳೆ. ಮೊದಲನೆಯದು ಕಟೀಲಿನ ಅಮ್ಮನಿಗೆ. ಎರಡನೆಯದು, ಮೂವತ್ತೊಂದು ವರ್ಷ ತನ್ನನ್ನು ಡೊಂಬಿವಲಿಯಿಂದ ಥಾಣೆಗೆ ಕರೆದೊಯ್ದು ಕೈಕಾಲು ಸಮೇತ ವಾಪಸು ತಂದುಬಿಟ್ಟ ಲೋಕಲ್ ರೈಲಿಗೆ. ಮೂರನೆಯದು ಠಾಕುರ್ಲಿಯ ದಿಕ್ಕಿಗೆ. ಅಲ್ಲಿ ಯಾವ ಗುಡಿಯೂ ಇಲ್ಲ, ಒಂದು ಹಳೇ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಪ್ರೇಮನಾಥ ಎಂಬ ಎಪ್ಪತ್ತೊಂಬತ್ತರ ಮುದುಕರಿದ್ದಾರೆ.

“ಅಮ್ಮನಿಗಾಯ್ತು, ರೈಲಿಗಾಯ್ತು, ಪ್ರೇಮಣ್ಣನಿಗಾಯ್ತು. ಈ ಮನೆಯಲ್ಲಿ ಗಂಡ ಅಂತ ಒಂದು ಪ್ರಾಣಿ ಉಂಟು, ಅದಕ್ಕೆ?” ಎಂದು ಗುರುವಪ್ಪ ಆಗಾಗ ಕೇಳುವುದುಂಟು. ಕಲ್ಯಾಣದ ಹೋಟೆಲೊಂದರಲ್ಲಿ ಜೀವಮಾನವೆಲ್ಲ ಗಲ್ಲಾದಲ್ಲಿ ಕೂತು ನಿವೃತ್ತನಾದವನು, ಮಾತಿಗೇನು ಬರ.

“ನಿಮಗೆ ಚಹಾ ಕೊಡ್ತೇನಲ್ಲ. ಅಮ್ಮನಿಗೆ ಅದೂ ಇಲ್ಲ” ಎನ್ನುತ್ತಾಳೆ ನಳಿನಾಕ್ಷಿ.

ಪ್ರೇಮನಾಥರ ಸ್ಟುಡಿಯೋ ಥಾಣೆ ಸ್ಟೇಷನ್ನಿನ ಹತ್ತಿರ ಇತ್ತು. ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಉಡುಪಿ ಕಡೆಯಿಂದ ಮದುವೆಯಾಗಿ ಬಂದ, ಹಿಂದಿಯೂ ಬಾರದ, ಮರಾಠಿಯೂ ಬಾರದ ಇಪ್ಪತ್ತನಾಲ್ಕರ ಹೆಂಗಸಿಗೆ ಅವರು ಅಲ್ಲಿ ಕತ್ತಲೆ ಕೋಣೆಯ ಕೆಲಸ ಕೊಟ್ಟರು. ಫೋಟೊ ತೊಳೆಯುವುದು, ಒಣಗಿಸುವುದು, ಆಮೇಲೆ ಪ್ರಿಂಟ್ ಹಾಕುವುದು, ಕೊನೆಗೆ ಪೆನ್ಸಿಲು ಹಿಡಿದು ನೆಗೆಟಿವಿನ ಮೇಲೆಯೇ ಜನರ ಮುಖ ತಿದ್ದುವುದು. ಕಾಲ ಬದಲಾಗಿ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತಳು. ಸ್ಟುಡಿಯೋ ಮುಚ್ಚುವ ಹೊತ್ತಿಗೆ ಫಿಲ್ಮಿನ ಕಳ್ಳದಾರಿ, ಡಿಜಿಟಲ್ಲಿನ ಕಳ್ಳದಾರಿ ಎರಡೂ ಬಲ್ಲವಳು ಊರಲ್ಲಿ ಅವಳೊಬ್ಬಳೇ ಆಗಿದ್ದಳು. ಹಾಗಾಗಿ ಡೊಂಬಿವಲಿಯ ಕನ್ನಡ ಸಂಘ ತನ್ನ ವಾರ್ಷಿಕೋತ್ಸವಕ್ಕೆ ‘ಲೋಕಲ್ ಮತ್ತು ನಾವು’ ಎಂಬ ಫೋಟೊ ಸ್ಪರ್ಧೆ ಇಟ್ಟಾಗ, ನಿಯಮ ಬರೆಯುವುದಕ್ಕೂ ಬಂದ ಫೋಟೊಗಳು ನಿಯಮದಂತೆ ಇವೆಯೇ ಎಂದು ನೋಡುವುದಕ್ಕೂ ಅವಳನ್ನೇ ಹಿಡಿದರು. ಬಹುಮಾನ ಯಾರಿಗೆಂದು ಹೇಳಲು ಹೊರಗಿನಿಂದ ಇಬ್ಬರು ತೀರ್ಪುಗಾರರು ಬರುವವರಿದ್ದರು.

ನಿಯಮದ ಸಭೆ ಸುಲಭಕ್ಕೆ ಮುಗಿಯಲಿಲ್ಲ. ಕಾರ್ಯದರ್ಶಿ ರಂಜನ್ ಬೇಲಾಪುರದ ಕಚೇರಿಯೊಂದರಲ್ಲಿ ಕೆಲಸ ಮಾಡುವವನು, ಎದುರಿಗೆ ಮನುಷ್ಯ ನಿಂತಿದ್ದರೂ ಫೈಲು ನೋಡಿಯೇ ನಂಬುವ ಜಾತಿ. “ಫಿಲ್ಮ್ ಗಿಲ್ಮ್ ಬೇಡ ನಳಿನಕ್ಕ. ಡಿಜಿಟಲ್ ಫೈಲಲ್ಲಿ ತಾರೀಖು, ಟೈಮು ಎಲ್ಲ ಇರ್ತದೆ. ಫಿಲ್ಮಿಗೆ ಎಂತ ಪ್ರೂಫು?” ಎಂದ. ಹಿರಿಯ ಸದಸ್ಯ ಪೂವಪ್ಪನಿಗೆ ಸಿಟ್ಟು ಬಂತು. “ಫಿಲ್ಮಿಗೆ ಪ್ರೂಫ್ ಯಾಕೆ ಮಾರಾಯ? ಫಿಲ್ಮ್ ಸುಳ್ಳು ಹೇಳುದಿಲ್ಲ. ಚೆಕ್ ಮಾಡುದಾದ್ರೆ ಈ ಮೊಬೈಲಿನವರನ್ನು ಮಾಡಿ” ಎಂದ.

“ಫಿಲ್ಮ್ ಚೆಂದವಾಗಿ ಸುಳ್ಳು ಹೇಳ್ತದೆ ಪೂವಪ್ಪಣ್ಣ. ನಿಮ್ಮ ಮದುವೆ ಆಲ್ಬಮ್ಮಿನಲ್ಲಿ ನಿಮ್ಮ ಕೆನ್ನೆಯ ಸಿಡುಬಿನ ಕಲೆ ಉಂಟಾ ನೋಡಿ. ಇಲ್ಲ. ಪೆನ್ಸಿಲ್ ಹಿಡಿದು ತೆಗ್ದದ್ದು ನಾನೇ” ಎಂದಳು ನಳಿನಾಕ್ಷಿ. ಸಭೆ ಗೊಳ್ಳೆಂದಿತು. ಪೂವಪ್ಪ ಕೆನ್ನೆ ಮುಟ್ಟಿಕೊಂಡ.

ಅವಳ ವಾದ ಸರಳವಾಗಿತ್ತು. ಫಿಲ್ಮಿಗೆ ಪೂಜೆಯೂ ಬೇಡ, ಬಹಿಷ್ಕಾರವೂ ಬೇಡ. ಡಿಜಿಟಲ್ಲಿನವರು ಪ್ರಿಂಟಿನ ಜೊತೆ ಕ್ಯಾಮೆರಾ ಬರೆದ ಮೂಲ ಫೈಲು ಕೊಡಲಿ, ಫಿಲ್ಮಿನವರು ನೆಗೆಟಿವ್ ಕೊಡಲಿ. ಪ್ರಿಂಟ್ ಯಾರು ಎಲ್ಲಿ ಬೇಕಾದರೂ ಹಾಕಿಸಲಿ. ಅಂಚು ಕತ್ತರಿಸಬಹುದು, ಬೆಳಕು ನೆರಳು ಹೆಚ್ಚು ಕಡಿಮೆ ಮಾಡಬಹುದು, ಅದಕ್ಕಿಂತ ಹೆಚ್ಚಿಗೆ ಇವರಿಗೂ ಇಲ್ಲ, ಅವರಿಗೂ ಇಲ್ಲ. ಎಲ್ಲರೂ ಒಪ್ಪಿದರು. ಕೊನೆಯಲ್ಲಿ ಏಳನೆಯ ನಿಯಮವೆಂದು ಅವಳು ಒಂದು ಸಾಲು ಸೇರಿಸಿದಳು. ‘ಚಿತ್ರವನ್ನು ಎಡಬಲ ತಿರುಗಿಸುವಂತಿಲ್ಲ.’

“ಇದೆಂತಕ್ಕೆ ಅಕ್ಕ?” ಎಂದ ರಂಜನ್.

“ಅದು ಬೇಕು” ಎಂದಳು.

ಯಾಕೆ ಬೇಕು ಎಂಬುದು ಎಂಬತ್ತೇಳರ ಕತೆ. ಅವಳು ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗಿರಲಿಲ್ಲ. ನಮ್ಮ ಕಡೆಯವರದ್ದೇ ಒಂದು ಮದುವೆಯ ಕಪ್ಪುಬಿಳುಪು ರೋಲು ಬಂದಿತ್ತು. ಪ್ರೇಮಣ್ಣ ಅವಳನ್ನು ಎನ್‌ಲಾರ್ಜರಿನ ಮುಂದೆ ನಿಲ್ಲಿಸಿದರು. ನೆಗೆಟಿವಿನ ಮೂಲಕ ಬೆಳಕು ಹಾಯಿಸಿ ಕಾಗದದ ಮೇಲೆ ಚಿತ್ರವನ್ನು ದೊಡ್ಡದಾಗಿ ಬೀಳಿಸುವ ಯಂತ್ರ ಅದು. ಫಿಲ್ಮಿಗೆ ಒಂದು ಬದಿ ಹೊಳಪು, ಒಂದು ಬದಿ ಮಬ್ಬು. ಮಬ್ಬು ಬದಿ ಕೆಳಗೆ, ಕಾಗದದ ಕಡೆಗೆ ಇರಬೇಕು. ತಿರುವುಮುರುವಾದರೆ ಕನ್ನಡಿಯಲ್ಲಿ ನೋಡಿದ ಹಾಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬಂದುಬಿಡುತ್ತದೆ. ಕೆಂಪು ದೀಪ, ಫೋಟೊ ತೊಳೆಯುವ ಮದ್ದಿನ ವಾಸನೆ, ಎಡವಿದರೆ ಕೆಲಸ ಹೋದೀತೆಂಬ ಹೆದರಿಕೆ, ಇವುಗಳ ನಡುವೆ ನಳಿನಾಕ್ಷಿ ಇಡೀ ರೋಲನ್ನು ಮಬ್ಬು ಬದಿ ಮೇಲಾಗಿ ಇಟ್ಟು ಮೂವತ್ತಾರು ಪ್ರಿಂಟು ಹಾಕಿದಳು.

ಆಲ್ಬಮ್ ನೋಡಲು ಮದುಮಗನ ತಾಯಿಯೇ ಬಂದಿದ್ದರು. ಮದುಮಗಳ ಸೆರಗು ಬಲಹೆಗಲಿಗೆ ಹೋಗಿತ್ತು. “ಇದೆಂತ ಇದು, ನಮ್ಮ ಸೊಸೆಯನ್ನು ಗುಜರಾತಿ ಮಾಡಿ ಇಟ್ಟಿದ್ದೀರಿ!” ಎಂದರು. ಪುಟ ತಿರುಗಿಸಿದರೆ ಹುಡುಗಿಯ ಅಪ್ಪ ಎಡಗೈಯಲ್ಲಿ ಧಾರೆ ಎರೆಯುತ್ತಿದ್ದರು. ಇನ್ನೊಂದು ಪುಟದಲ್ಲಿ ಪಂಕ್ತಿಗೆ ಪಂಕ್ತಿಯೇ, ಪುರೋಹಿತರೂ ಸೇರಿದಂತೆ, ಬಾಳೆಲೆಯ ಮುಂದೆ ಕೂತು ಎಡಗೈಯಲ್ಲಿ ಉಣ್ಣುತ್ತಿತ್ತು. ಆ ಹೆಂಗಸು ಅಂಗಡಿಯಲ್ಲಿ ನಿಂತು ಅಪಶಕುನ ಅಪಶಕುನ ಎಂದು ಬೊಬ್ಬೆ ಹಾಕಿದ ರೀತಿ ಥಾಣೆ ಸ್ಟೇಷನ್ನಿಗೆ ಕೇಳಿರಬೇಕು.

ಕತ್ತಲೆ ಕೋಣೆಯ ಬಾಗಿಲ ಹಿಂದೆ ಅಳುತ್ತಾ ನಿಂತಿದ್ದ ನಳಿನಾಕ್ಷಿಗೆ ಪ್ರೇಮಣ್ಣನ ಮಾತು ಕೇಳಿಸಿತು. “ಪ್ರಿಂಟ್ ಹಾಕಿದ್ದು ನಾನೇ ಅಮ್ಮ. ನನ್ನ ಕೈ ತಪ್ಪಿತು. ಮೂರು ದಿನ ಕೊಡಿ, ಎಲ್ಲ ಸರಿ ಮಾಡಿ ಮನೆಗೇ ತಂದುಕೊಡ್ತೇನೆ.” ಆಮೇಲೆ ಒಳಗೆ ಬಂದು ಅವಳಿಗೂ ಹೇಳಿದರು. “ಅಳಬೇಡ. ನಾನು ನಿನಗೆ ಸರಿಯಾಗಿ ಹೇಳ್ಲಿಲ್ಲ, ಅದೇ ಆದದ್ದು. ಕಾಗದ ತೆಗಿ, ಪುನಃ ಹಾಕುವ.”

ಗಿರಾಕಿಯ ಮುಂದೆ ತನ್ನನ್ನು ಬಿಟ್ಟುಕೊಡದ ಆ ಮಾತಿಗೇ ನಳಿನಾಕ್ಷಿ ಮೂವತ್ತೆಂಟು ವರ್ಷದಿಂದ ಠಾಕುರ್ಲಿಯ ದಿಕ್ಕಿಗೆ ಕೈ ಮುಗಿಯುತ್ತಿದ್ದುದು. ಪ್ರೇಮಣ್ಣನಷ್ಟು ಒಳ್ಳೆಯವರಿಲ್ಲ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು. ಹೇಳಿ, ನಗುತ್ತಾ ಒಂದು ಬಾಲವನ್ನೂ ಸೇರಿಸುತ್ತಿದ್ದಳು. “ಕಲಿಸುದು ಮಾತ್ರ ಸ್ವಲ್ಪ ಕಮ್ಮಿ. ಮಬ್ಬು ಬದಿ ಯಾವ ಕಡೆ ಅಂತ ನನಗೆ ಹೇಳ್ಲಿಕ್ಕೇ ಮರೆತಿದ್ರು ಪಾಪ!”

ಸ್ಪರ್ಧೆಗೆ ಅರವತ್ತಮೂರು ಫೋಟೊ ಬಂದವು. ಹೆಸರುಗಳ ಪಟ್ಟಿ ರಂಜನ್ ಹತ್ತಿರ, ನಳಿನಾಕ್ಷಿಯ ಕೈಗೆ ಬರೀ ಸಂಖ್ಯೆಗಳು. ಶನಿವಾರ ಸಂಘದ ಆಫೀಸಿನಲ್ಲಿ ಕೂತು ಒಂದೊಂದೇ ಪ್ರಿಂಟನ್ನು ಅದರ ಮೂಲದ ಪಕ್ಕ ಇಟ್ಟು ನೋಡಿದಳು. ಒಬ್ಬ ಮಹಾಶಯ ರೈಲಿನ ಮೇಲೆ ಇಲ್ಲದ ಚಂದ್ರನನ್ನು ಕೂರಿಸಿದ್ದ. ಅವನು ಹೊರಗೆ. ಇನ್ನಿಬ್ಬರು ಫೈಲೇ ಕೊಟ್ಟಿರಲಿಲ್ಲ. ಅವರೂ ಹೊರಗೆ. ಹದಿನೆಂಟನೆಯದು ಮೊಬೈಲಿನಲ್ಲಿ ತೆಗೆದ ಚಿತ್ರ. ಲೇಡೀಸ್ ಡಬ್ಬಿಯ ಕಿಟಕಿಯ ಹತ್ತಿರ ಒಬ್ಬ ಹೆಂಗಸು ಮಡಿಲಲ್ಲಿ ಮಲ್ಲಿಗೆ ಇಟ್ಟುಕೊಂಡು ಕಟ್ಟುತ್ತಿದ್ದಾಳೆ, ಸುತ್ತಲಿನ ನಾಲ್ಕು ಹೆಂಗಸರು ಅವಳ ಬೆರಳನ್ನೇ ನೋಡುತ್ತಿದ್ದಾರೆ. ಚಿತ್ರ ಬಹಳ ಚೆನ್ನಾಗಿತ್ತು. ಆದರೆ ಸೆರಗು ಬಲಹೆಗಲಲ್ಲಿತ್ತು, ಮೂಲ ಫೈಲಿನಲ್ಲಿ ಎಡಹೆಗಲಲ್ಲಿ. ನಳಿನಾಕ್ಷಿ ಕೆಂಪು ಶಾಯಿಯಲ್ಲಿ ಗೀಟೆಳೆದಳು.

ರಂಜನ್ ಆ ಚಿತ್ರ ಕಳಿಸಿದವರಿಗೆ ಫೋನು ಮಾಡಿ ತಿಳಿಸಿದ. ಆ ಕಡೆಯ ಹುಡುಗಿ ಬಿಡಲೊಲ್ಲಳು. ಅವನು ಫೋನನ್ನು ನಳಿನಾಕ್ಷಿಗೆ ಕೊಟ್ಟ. ದಿಶಾ ಅಂತ ಹೆಸರು, ದಿವಾದಲ್ಲಿ ಮನೆ, ಕಾಲೇಜಿನ ಎರಡನೇ ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಅರ್ಧಂಬರ್ಧ ಹಿಂದಿಯಲ್ಲಿ.

“ಆಂಟಿ, ಮೈನೆ ಕುಛ್ ಆ್ಯಡ್ ನಹೀ ಕಿಯಾ. ಸಿರ್ಫ್ ಫ್ಲಿಪ್ ಕಿಯಾ, ಎಡಬಲ ಉಲ್ಟಾ. ಖಿಡ್ಕೀ ಆ ಸೈಡ್ ಇದ್ರೆ ಅಚ್ಛಾ ಕಾಣ್ತಾ ಥಾ.”

“ಏಳನೇ ರೂಲು ಓದಿದ್ದಿಯಾ?”

“ಓದಿದೆ. ಲೇಕಿನ್ ಮುಝೆ ಲಗಾ, ಫ್ಲಿಪ್‌ಗೆ ಯಾರು ಇಷ್ಟು...” ಹುಡುಗಿ ನಿಲ್ಲಿಸಿದಳು. “ಫೋಟೊದಲ್ಲಿ ಇರೋದು ನನ್ನ ಮಮ್ಮಿ. ಬೇಲಾಪುರ್‌ನಲ್ಲಿ ಆಫೀಸ್ ಕ್ಯಾಂಟೀನ್‌ನಲ್ಲಿ ಕೆಲಸ. ಫೋಟೊ ಹಾಲ್‌ನಲ್ಲಿ ಹಾಕ್ತಾರೆ ಅಂತ ಸಬ್ಕೋ ಹೇಳಿಬಿಟ್ಟಿದ್ದಾಳೆ.”

“ರೂಲು ಅಂದ್ರೆ ರೂಲು ಮಗಾ. ನಿನಗೂ ಒಂದೇ, ನನಗೂ ಒಂದೇ.” ಹೀಗೆ ಹೇಳಿ ನಳಿನಾಕ್ಷಿ ಫೋನಿಟ್ಟಳು. ತನ್ನ ನ್ಯಾಯಬುದ್ಧಿಯ ಮೇಲೆ ತನಗೇ ಮೆಚ್ಚುಗೆಯಾಗಿ ಅಂದು ಸಂಜೆ ಎರಡು ದೋಸೆ ಹೆಚ್ಚಿಗೆ ತಿಂದಳು.

ಭಾನುವಾರ ಬೆಳಿಗ್ಗೆ ಉಳಿದವನ್ನು ನೋಡುತ್ತಿದ್ದಾಗ ನಲವತ್ತೊಂದನೆಯ ಲಕೋಟೆ ಕೈಗೆ ಬಂತು. ಒಳಗಿನ ನೆಗೆಟಿವ್ ಬೆಣ್ಣೆಕಾಗದದಲ್ಲಿತ್ತು. ಕಾಗದವನ್ನು ಮೂರು ಮಡಿಕೆ ಮಾಡಿ, ಮೂಲೆಯನ್ನು ಸಣ್ಣಗೆ ಕತ್ತರಿಸಿ, ಆ ಸಂದಿಯಿಂದ ನೆಗೆಟಿವಿನ ತುದಿ ಕಾಣುವಂತೆ ಇಟ್ಟಿದ್ದರು. ಹಾಗೆ ಮಡಚುವವರು ಜಗತ್ತಿನಲ್ಲಿ ಇಬ್ಬರೇ. ಒಬ್ಬಳು ಈ ಮೇಜಿನ ಮುಂದೆ ಕೂತಿದ್ದಳು. ಇನ್ನೊಬ್ಬರು ಯಾರೆಂದು ತಿಳಿಯಲು ಅವಳಿಗೆ ರಂಜನ್‌ನ ಪಟ್ಟಿ ಬೇಕಿರಲಿಲ್ಲ. ಪ್ರೇಮಣ್ಣ ಮತ್ತೆ ಕ್ಯಾಮೆರಾ ಮುಟ್ಟಿದ್ದಾರೆಂದು ಅವಳಿಗೆ ಬಹಳ ಸಂತೋಷವಾಯಿತು.

ಪ್ರಿಂಟು ಎತ್ತಿದಳು. ಠಾಕುರ್ಲಿ ಸ್ಟೇಷನ್ನಿನ ಬೆಂಚು. ಒಬ್ಬ ಮುದುಕ, ಒಬ್ಬಳು ಮುದುಕಿ, ನಡುವೆ ಸ್ಟೀಲಿನ ಡಬ್ಬಿ. ಹಿಂದೆ ರೈಲು ಓಡುತ್ತಿದೆ, ಜನ ನೇತಾಡುತ್ತಿದ್ದಾರೆ, ಇವರಿಬ್ಬರಿಗೆ ಯಾವ ಅವಸರವೂ ಇಲ್ಲ. ಮುದುಕ ಚಪಾತಿ ಮುರಿದ ತುಂಡನ್ನು ಬಾಯಿಗೆ ಒಯ್ಯುತ್ತಿದ್ದಾನೆ, ಮುದುಕಿ ಅವನ ಬಾಯಿಯ ಕೆಳಗೆ ತನ್ನ ಅಂಗೈ ಹಿಡಿದಿದ್ದಾಳೆ, ಚೂರು ಬಿದ್ದರೆ ಎಂದು. ನಳಿನಾಕ್ಷಿ ನೋಡುತ್ತಲೇ ಇದ್ದಳು. ಆಮೇಲೆ ಅವಳ ಕಣ್ಣು ಮುದುಕನ ಕೈಯ ಮೇಲೆ ಹೋಗಿ ನಿಂತಿತು.

ಅವನು ಎಡಗೈಯಲ್ಲಿ ತಿನ್ನುತ್ತಿದ್ದ. ಹೆಂಗಸಿನ ಸೆರಗು ಬಲಹೆಗಲಲ್ಲಿತ್ತು.

ಎಡಗೈ ರೂಢಿಯವನಿರಲಿ, ಅವಳು ಗುಜರಾತಿಯಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಾ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೊಳಪು ಬದಿಯಿಂದ ನೋಡಿದರೆ ಅಂಚಿನ ಅಂಕಿಗಳು ನೆಟ್ಟಗೆ ಕಂಡವು, ಮುದುಕ ಬಲಗೈಯಲ್ಲಿ ತಿನ್ನುತ್ತಿದ್ದ. ಸಂಶಯವೇ ಇಲ್ಲ. ಪ್ರಿಂಟು ತಿರುವುಮುರುವು. ಏಳನೆಯ ನಿಯಮ.

ಇದನ್ನು ಕಂಡವಳು ಅವಳೊಬ್ಬಳೇ. ತೀರ್ಪುಗಾರರಿಗೆ ನೆಗೆಟಿವ್ ತೋರಿಸುವ ಪದ್ಧತಿ ಇಲ್ಲ. ಅವಳು ಕೆಂಪು ಪೆನ್ನು ಕೆಳಗಿಟ್ಟಳು. ಚೀಲದಿಂದ ಪೆನ್ಸಿಲು ತೆಗೆದು ನಲವತ್ತೊಂದರ ಮುಂದೆ ‘ಸರಿ’ ಎಂದು ಬರೆದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಗುರುವಪ್ಪ ಅನ್ನಕ್ಕೆ ಸಾರು ಕಲಸುತ್ತಿದ್ದ. ಅವಳು ಅವನ ಬಲಗೈಯನ್ನೇ ನೋಡುತ್ತಿದ್ದಳು.

“ಎಂತ ನನ್ನ ಕೈ ನೋಡ್ತಿ? ತೊಳ್ದಿದ್ದೇನೆ.”

ಅವಳು ಎಲ್ಲ ಹೇಳಿದಳು. ಗುರುವಪ್ಪ ಬಾಯಲ್ಲಿದ್ದ ತುತ್ತು ನುಂಗಿದ. “ಸರಿ ಅಂತ ಬರ್ದಾಯ್ತಲ್ಲ, ಮುಗೀತು. ಆ ಮನುಷ್ಯ ಅವತ್ತು ನಿನ್ನನ್ನು ಬಿಟ್ಟುಕೊಡ್ಲಿಲ್ಲ. ಇವತ್ತು ನೀನು ಬಿಟ್ಟುಕೊಡ್ಬೇಡ. ಅವರಿಗೂ ವಯಸ್ಸಾಯ್ತು, ಇನ್ನೆಷ್ಟು ಫೋಟೊ ತೆಗೀತಾರೆ?”

“ಪೆನ್ಸಿಲಿನಲ್ಲಿ ಬರ್ದಿದ್ದೇನೆ” ಎಂದಳು ನಳಿನಾಕ್ಷಿ.

“ಅಂದ್ರೆ?”

“ಅಂದ್ರೆ ನನಗೇ ಧೈರ್ಯ ಇಲ್ಲ ಅಂತ.” ಅವಳು ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು. ದಿವಾದ ಹುಡುಗಿಯ ಮಾತು ಕಿವಿಯಲ್ಲೇ ಇತ್ತು. ನಿನಗೂ ಒಂದೇ, ನನಗೂ ಒಂದೇ ಎಂದು ಎಷ್ಟು ಠೀವಿಯಿಂದ ಹೇಳಿದ್ದಳು! ಮೂರು ಗಂಟೆಯ ಕಲ್ಯಾಣ ಗಾಡಿ ಹಿಡಿದು ಒಂದೇ ಸ್ಟೇಷನ್ ದಾಟಿ ಠಾಕುರ್ಲಿಯಲ್ಲಿ ಇಳಿದಳು.

ಬಾಗಿಲು ತೆಗೆದದ್ದು ಪ್ರೇಮನಾಥರ ಹೆಂಡತಿ ಜಯಲತಾ. “ಬಾ ನಳಿನಿ. ನಿನ್ನ ಅಣ್ಣ ಬಚ್ಚಲನ್ನು ಪುನಃ ಸ್ಟುಡಿಯೋ ಮಾಡಿದ್ದಾರೆ. ನಾನೀಗ ಆ ಎನ್‌ಲಾರ್ಜರಿನ ಅನುಮತಿ ಕೇಳಿ ಸ್ನಾನ ಮಾಡ್ಬೇಕು” ಎಂದು ಚಹಾಕ್ಕೆ ಒಳಗೆ ಹೋದರು.

ಪ್ರೇಮಣ್ಣ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಅವಳನ್ನು ನೋಡಿದರು. ಎರಡು ವರ್ಷದಿಂದ ಅವರ ಕಣ್ಣಿನ ನಟ್ಟನಡುವೆ ಒಂದು ಕಪ್ಪು ಕಲೆ. ಬದಿಯಲ್ಲಿರುವುದು ಕಾಣುತ್ತದೆ, ನೇರಕ್ಕೆ ನೋಡಿದ್ದು ಕಾಣುವುದಿಲ್ಲ. “ಕೊನೆಯ ರೋಲು ನಳಿನಿ. ಕ್ಯಾಮೆರಾದ ಫೋಕಸ್ಸನ್ನು ಹತ್ತು ಅಡಿಗೆ ಇಟ್ಟು, ಹೆಜ್ಜೆ ಲೆಕ್ಕ ಮಾಡಿ ನಿಂತು ಹೊಡೆದದ್ದು. ಇನ್ನು ಅದು ಕಪಾಟಿಗೆ” ಎಂದರು. ಆಮೇಲೆ, “ಯಾಕೆ ಬಂದದ್ದು ಹೇಳು. ನೀನು ಭಾನುವಾರ ಹೀಗೆ ಓಡಿ ಬರುವವಳಲ್ಲ” ಎಂದರು.

“ಬೆಂಚಿನ ಮೇಲಿನ ಗಂಡಸು ಎಡಗೈಯಲ್ಲಿ ತಿಂತಾನೆ, ಪ್ರೇಮಣ್ಣ.”

ಅವರ ಹೊಟ್ಟೆ ಕುಲುಕಲು ಸುರುವಾಯಿತು. “ಅಯ್ಯೋ ದೇವರೇ! ಪುನಃ ಎಡಗೈ ಊಟವಾ?” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಮೆಲ್ಲಗೆ ಹೇಳಿದರು. “ಹೊಳಪು ಮಬ್ಬು ಈಗ ಕಾಣುದಿಲ್ಲ. ಫಿಲ್ಮು ಮಬ್ಬು ಬದಿಗೆ ಸ್ವಲ್ಪ ಬಾಗ್ತದಲ್ಲ, ಬೆರಳಲ್ಲಿ ಮುಟ್ಟಿ ಗೊತ್ತು ಮಾಡ್ತೇನೆ. ಈ ತುಂಡನ್ನು ಹದಿನೈದು ದಿನ ಪಂಚಾಂಗದ ಅಡಿಯಲ್ಲಿ ಇಟ್ಟಿದ್ದೆ. ಚಪ್ಪಟೆಯಾಗಿ ಬಿಟ್ಟಿತ್ತು.”

ನಳಿನಾಕ್ಷಿ ಗಾಡಿಯಲ್ಲಿ ಬರುವಾಗ ಯೋಚಿಸಿಟ್ಟದ್ದನ್ನು ಹೊರಗೆ ತೆಗೆದಳು. ತೀರ್ಪುಗಾರರು ಇನ್ನೂ ಒಂದು ಫೋಟೊವನ್ನೂ ನೋಡಿಲ್ಲ. ಪ್ರಿಂಟು ಮೂಲಕ್ಕೆ ಹೊಂದದಿದ್ದರೆ ತಿದ್ದಿ ಕೊಡಲು ಮೂರು ದಿನದ ಗಡುವು ಎಂದು ಕಮಿಟಿಯಲ್ಲಿ ಪಾಸು ಮಾಡಿಸಿದರೆ ಆಯಿತು.

“ಏಳನೇ ನಿಯಮಕ್ಕೆ ಬೇರೆ ಯಾರಾದ್ರೂ ಸಿಕ್ಕಿಬಿದ್ದಿದ್ದಾರಾ?” ಎಂದರು ಪ್ರೇಮಣ್ಣ.

“ಒಬ್ಬಳು ಹುಡುಗಿ. ಮೊಬೈಲಿನದ್ದು.”

“ಅವಳಿಗೆ ಮೂರು ದಿನ ಕೊಟ್ಟದ್ದಾ?”

ನಳಿನಾಕ್ಷಿ ನೆಲ ನೋಡಿದಳು. “ಅವಳು ಬೇಕೂಂತ್ಲೇ ತಿರುಗಿಸಿದ್ದು. ನಿಮ್ಮದು ಕೈತಪ್ಪು.”

“ಅದು ಪ್ರಿಂಟಿಗೆ ಗೊತ್ತುಂಟಾ?” ಎಂದರು ಅವರು. ಸಿಟ್ಟಿಲ್ಲದೆ, ಹಿಂದೆ ಕೆಲಸ ಹೇಳಿಕೊಡುತ್ತಿದ್ದ ಧ್ವನಿಯಲ್ಲೇ. “ಅವಳದ್ದು ಒಂದು ಒತ್ತಿದ್ರೆ ಸರಿಯಾಗ್ತದೆ. ನನ್ನದಕ್ಕೆ ಬಚ್ಚಲಲ್ಲಿ ಅರ್ಧ ದಿನ ಬೇಕು. ಅವಳ ಅರ್ಧ ನಿಮಿಷಕ್ಕೆ ಕೊಡದ ಮಾಫಿ ನನಗೆ ಬೇಡ. ಮೊದಲು ಅವಳಿಗೆ ಫೋನ್ ಮಾಡು.”

ಅವಳಿಗೆ ಮುಖ ಬಿಸಿಯಾಯಿತು. ನಾಚಿಕೆಯೇ, ಬೇರೇನಲ್ಲ. ನಿಯಮ ಬರೆದು ಎರಡೂ ಕಡೆಗೆ ತಕ್ಕಡಿ ಸಮ ಮಾಡಿದೆ ಎಂದು ಬೀಗಿದ್ದಳು. ಪರರ ಮಗಳಿಗಾಗಿ ಹೊಳೆಯದ ಉಪಾಯ ತನ್ನವರಿಗೆ ಬೇಕಾದಾಗ ಒಂದೇ ಸ್ಟೇಷನ್ನಿನ ದಾರಿಯಲ್ಲಿ ಹೊಳೆದುಬಿಟ್ಟಿತ್ತು.

ಆಫೀಸಿಗೆ ಹಿಂದಿರುಗಿ ಮೊದಲು ರಬ್ಬರು ತೆಗೆದು ‘ಸರಿ’ಯನ್ನು ಅಳಿಸಿದಳು. ರಂಜನ್‌ಗೆ ನಡೆದದ್ದೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ತಲೆ ಕೆರೆದುಕೊಂಡ. “ಇಬ್ಬರಿಗೆ ಅಂತ ಆಗುದಿಲ್ಲ ಅಕ್ಕ. ಕೊಟ್ರೆ ಹೊರಗೆ ಬಿದ್ದ ಎಲ್ಲರಿಗೂ. ಚಂದ್ರನನ್ನು ಕೂರಿಸಿದವನೂ ಚಂದ್ರನನ್ನು ಇಳಿಸಿ ತರ್ಲಿ.” ಹಾಗೇ ಆಯಿತು. ಬುಧವಾರ ಸಂಜೆ ಐದರ ತನಕ ಗಡುವು, ಫಿಲ್ಮಿಗೂ ಅಷ್ಟೇ, ಫೋನಿಗೂ ಅಷ್ಟೇ.

ದಿಶಾಗೆ ಫೋನು ಅವಳೇ ಮಾಡಿದಳು. “ನಿನ್ನೆ ನನಗೆ ಇದು ಹೊಳೀಲಿಲ್ಲ ಮಗಾ. ನನ್ನ ಗುರುಗಳ ಫೋಟೊ ಸಿಕ್ಕಿಬಿದ್ದ ಮೇಲೆ ಹೊಳೀತು. ಅದು ನನ್ನ ತಪ್ಪು. ಸಾರಿ” ಎಂದಳು. ಅರವತ್ತೆರಡನೆಯ ವಯಸ್ಸಿನಲ್ಲಿ ಇಪ್ಪತ್ತರ ಹುಡುಗಿಗೆ ಸಾರಿ ಹೇಳುವುದು ಅಂದುಕೊಂಡಷ್ಟು ಕಷ್ಟವಿರಲಿಲ್ಲ.

ಬೈಯುತ್ತಾಳೆಂದು ನಳಿನಾಕ್ಷಿ ಕಾದಳು. “ಫಿಲ್ಮ್ ಮೇಂ ಭೀ ಫ್ಲಿಪ್ ಹೋತಾ ಹೈ ಆಂಟಿ?” ಎಂದಳು ಹುಡುಗಿ. “ಕೈಸೆ? ನಾನು ನೋಡ್ಬೋದಾ?”

ನೋಡಬಹುದಿತ್ತು, ನೋಡುವ ಕಣ್ಣು ಬೇಕೂ ಇತ್ತು. ಕಪ್ಪುಬಿಳುಪು ಪ್ರಿಂಟು ಕೈಯಲ್ಲಿ ಹಾಕಿಕೊಡುವ ದಾದರಿನ ಲ್ಯಾಬಿನವನು ಹತ್ತು ದಿನ ಕೇಳಿದ್ದ. ಪ್ರೇಮಣ್ಣನಿಗೆ ಮಬ್ಬು ಯಾವುದು ಹೊಳಪು ಯಾವುದೆಂದು ಕಾಣದು. ನಳಿನಾಕ್ಷಿ ಕಣ್ಣು ಮುಚ್ಚಿಕೊಂಡೂ ಹಾಕಿಯಾಳು, ಆದರೆ ಅವಳು ಪರಿಶೀಲನೆಯವಳು. “ನಿನ್ನ ಬೆರಳು ತಾಗಿದ್ರೆ ಆ ಪ್ರಿಂಟು ನಾನು ಕೊಡುದಿಲ್ಲ” ಎಂದು ಪ್ರೇಮಣ್ಣ ಫೋನಿನಲ್ಲೇ ಗದರಿದ್ದರು. ಉಳಿದವಳು ದಿಶಾ. ಸ್ಪರ್ಧೆಯಲ್ಲಿ ತನ್ನ ಎದುರಾಳಿಗೇ ಪ್ರಿಂಟು ಹಾಕಿಕೊಡುವುದರಲ್ಲಿ ಅವಳಿಗೆ ಏನೂ ತೊಂದರೆ ಕಾಣಲಿಲ್ಲ. “ರೂಲ್ ಮೇಂ ತೋ ನಹೀ ಹೈ” ಎಂದಳು. ಈ ಸಲ ಅವಳು ನಿಯಮಗಳನ್ನು ಪೂರ್ತಿ ಓದಿಕೊಂಡಿದ್ದಳು. ತನ್ನ ಅಮ್ಮನ ಚಿತ್ರವನ್ನು ಸರಿ ಮಾಡಿಸಿ ಸೋಮವಾರವೇ ತಂದುಕೊಟ್ಟಾಗಿತ್ತು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಬಹುಮಾನ ಕೊನೆಗೆ ಇವರಿಬ್ಬರಿಗೂ ಬರಲಿಲ್ಲ, ಕಲ್ಯಾಣದ ಲತೇಶ್ ಎಂಬವನು ಮಳೆಯಲ್ಲಿ ತೆಗೆದ ವಡಾಪಾವಿನ ಗಾಡಿಗೆ ಬಂತು. ಬರಲಿ ಬಿಡಿ, ವಡಾಪಾವಿನ ವಿರುದ್ಧ ಗೆದ್ದವರು ಈ ಕಡೆ ಯಾರಿದ್ದಾರೆ. ಸಂಘದ ಹಾಲಿನ ಗೋಡೆಯಲ್ಲಿ ಮಲ್ಲಿಗೆ ಕಟ್ಟುವ ಹೆಂಗಸೂ ಬೆಂಚಿನ ಮುದುಕರೂ ಅಕ್ಕಪಕ್ಕ ತೂಗಿದರು, ಬೇಲಾಪುರದ ಕ್ಯಾಂಟೀನಿನಿಂದ ಹನ್ನೊಂದು ಹೆಂಗಸರು ನೋಡಲು ಬಂದರು. ಆದರೆ ನನಗೆ ಹೇಳಬೇಕಾದದ್ದು ಅದಲ್ಲ, ಮಂಗಳವಾರ ಮಧ್ಯಾಹ್ನದ್ದು.

ಬಚ್ಚಲಿನ ಕಿಟಕಿಗೆ ಕಪ್ಪು ಕಾಗದ ಅಂಟಿಸಿತ್ತು. ಬಕೆಟಿನ ಮೇಲೆ ಹಲಗೆ, ಹಲಗೆಯ ಮೇಲೆ ಎನ್‌ಲಾರ್ಜರು, ನೆಲದಲ್ಲಿ ಮದ್ದಿನ ಮೂರು ತಟ್ಟೆ. ಪ್ರೇಮಣ್ಣನಿಗೊಂದು ಮಣೆ. ಪ್ರಿಂಟಿನ ಕಾಗದ ಮೂರೇ ಹಾಳೆ ಉಳಿದಿತ್ತು, ಮುಂಬಯಿ ಫೋರ್ಟಿನ ಅಂಗಡಿಗೆ ಹೋಗಿ ತರುವಷ್ಟು ಹೊತ್ತಿಲ್ಲ. ದಿಶಾ ಒಳಗೆ ಹೋದಳು. ಬಾಗಿಲು ಮುಚ್ಚಿತು. ಹೊರಗೆ ಅಡುಗೆಮನೆಯ ಗೋಡೆಗೆ ಒರಗಿ ನಳಿನಾಕ್ಷಿ ನಿಂತಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎಲ್ಲಿ ತಾನಾಗಿಯೇ ಮುಂದೆ ಬಂದುಬಿಡುತ್ತವೋ ಎಂದು.

ಬಾಗಿಲ ಸಂದಿಯಿಂದ ಪ್ರೇಮಣ್ಣನ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು.

“ನೆಗೆಟಿವನ್ನು ಅಂಚಿನಲ್ಲಿ ಹಿಡಿ ಮಗಾ, ನಡುವಲ್ಲಿ ಮುಟ್ಟಬೇಡ. ಈಗ ದೀಪದ ಕಡೆಗೆ ಓರೆ ಮಾಡು. ಒಂದು ಬದಿ ಹೊಳೀತದೆ, ಒಂದು ಬದಿ ಹೊಳೆಯುದಿಲ್ಲ. ಕಂಡಿತಾ?”

“ಹಾಂ ಅಜ್ಜಾ.”

“ಹೊಳೆಯದ್ದು ಮಬ್ಬು ಬದಿ. ಮಬ್ಬು ಬದಿ ಕೆಳಗೆ, ಹೊಳಪು ಬದಿ ಮೇಲೆ. ಒಮ್ಮೆ ನೀನು ಹೇಳು.”

“ಮಬ್ಬು ಬದಿ ಕೆಳಗೆ, ಹೊಳಪು ಬದಿ ಮೇಲೆ.”

“ಇನ್ನೊಮ್ಮೆ.”

ಅವಳು ಇನ್ನೊಮ್ಮೆ ಹೇಳಿದಳು. ಕ್ಲಿಕ್ ಎಂದಿತು. ಪ್ರೇಮಣ್ಣ ಹನ್ನೆರಡರ ತನಕ ಎಣಿಸಿದರು. ಮತ್ತೆ ಕ್ಲಿಕ್. ಮದ್ದಿನ ತಟ್ಟೆಯಲ್ಲಿ ಕಾಗದ ಅಲುಗುವ ಸದ್ದು. ಬಿಳಿ ಹಾಳೆಯಲ್ಲಿ ಮೊದಲು ರೈಲು, ಆಮೇಲೆ ಬೆಂಚು, ಆಮೇಲೆ ಮುಖ ಮೂಡುವ ಆ ಗಳಿಗೆ ನಳಿನಾಕ್ಷಿಗೆ ಬಾಗಿಲಾಚೆಯಿಂದಲೇ ಕಾಣುತ್ತಿತ್ತು. “ಅಯ್ಯೋ!” ಎಂದು ಹುಡುಗಿ ಸಂತೋಷದಿಂದ ಕೂಗಿದಳು. ಆಮೇಲೆ ಧ್ವನಿ ಇಳಿಯಿತು.

“ಅಜ್ಜಾ... ಉಲ್ಟಾ ಹುವಾ ಹೈ. ಎಡಗೈ.” ಅಳು ಬಂದುಬಿಟ್ಟಿತ್ತು ಅವಳಿಗೆ. “ಹಾಕುವಾಗ ಕೈ ನಡುಗಿತು. ತಿರುಗಿಬಿಡ್ತು ಅನಿಸುತ್ತೆ. ಒಂದು ಕಾಗದ ವೇಸ್ಟ್ ಆಯ್ತು. ಸಾರಿ ಅಜ್ಜಾ, ಸಾರಿ.”

“ಅಳಬೇಡ” ಎಂದರು ಪ್ರೇಮಣ್ಣ. “ನಾನು ನಿನಗೆ ಸರಿಯಾಗಿ ಹೇಳ್ಲಿಲ್ಲ, ಅದೇ ಆದದ್ದು. ಕಾಗದ ತೆಗಿ, ಪುನಃ ಹಾಕುವ.”

ಗೋಡೆಗೆ ಒರಗಿದ್ದ ನಳಿನಾಕ್ಷಿ ಹಾಗೇ ನೆಲದ ಮೇಲೆ ಕೂತುಬಿಟ್ಟಳು.

ಸರಿಯಾಗಿ ಹೇಳಿದ್ದರು. ಅವಳೇ ಕೇಳಿಸಿಕೊಂಡಿದ್ದಳಲ್ಲ! ಓರೆ ಮಾಡಿಸಿ, ಕಂಡಿತಾ ಎಂದು ಕೇಳಿ, ಒಮ್ಮೆಯಲ್ಲ ಎರಡು ಸಲ ಬಾಯಿಪಾಠ ಮಾಡಿಸಿ ಹೇಳಿದ್ದರು. ಇದಕ್ಕಿಂತ ಸರಿಯಾಗಿ ಹೇಳಲು ಯಾರಿಂದ ಸಾಧ್ಯ? ಹಾಗಾದರೆ ಎಂಬತ್ತೇಳರಲ್ಲೂ ಹೇಳಿದ್ದಿರಬೇಕು. ಹೆದರಿಕೆಯಲ್ಲಿ ಅವಳ ಕಿವಿಗೆ ಬಿದ್ದಿರಲಿಲ್ಲ, ಬಿದ್ದರೂ ಕೈ ಕೇಳಿರಲಿಲ್ಲ. ಗಿರಾಕಿಯ ಮುಂದೆ ತಪ್ಪನ್ನು ತಲೆಯ ಮೇಲೆ ಹೊತ್ತದ್ದು ಅವಳಿಗೆ ಗೊತ್ತಿತ್ತು. ಅವಳ ಮುಂದೆಯೂ, ಗಿರಾಕಿ ಹೊರಟುಹೋದ ಮೇಲೂ, ಯಾರೂ ಕೇಳದ ಆ ಕತ್ತಲೆ ಕೋಣೆಯಲ್ಲೂ ಅದನ್ನು ಇಳಿಸಿರಲಿಲ್ಲ ಎಂಬುದು ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷ ಅವಳು ಊರಿಗೆಲ್ಲ, ಪಾಪ ಕಲಿಸುವುದು ಕಮ್ಮಿ ಎಂದು ನಗುತ್ತಾ ಹೇಳಿಕೊಂಡು ತಿರುಗಿದ್ದಳು. ಅವರ ಎದುರಿಗೇ ಎಷ್ಟೋ ಸಲ ಹೇಳಿದ್ದಳು. ಅವರೂ ಜೊತೆಗೆ ನಕ್ಕಿದ್ದರು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ದುಃಖದಿಂದಲ್ಲ. ಇಷ್ಟು ದೊಡ್ಡ ಮನಸ್ಸಿನ ಆಸರೆಯಲ್ಲಿ ತಾನು ಬದುಕಿದ್ದೆ ಎಂದು ಇವತ್ತು ತಿಳಿಯಿತಲ್ಲ, ಅವರು ಇರುವಾಗಲೇ ತಿಳಿಯಿತಲ್ಲ ಎಂದು. ಚಹಾ ತಂದ ಜಯಲತಾ ಅವಳನ್ನೊಮ್ಮೆ ನೋಡಿ, ಏನೂ ಕೇಳದೆ, ಲೋಟವನ್ನು ಪಕ್ಕದಲ್ಲಿಟ್ಟು ಹೋದರು.

ಬಾಗಿಲು ತೆರೆದಾಗ ದಿಶಾಳ ಎರಡೂ ಕೈಯಲ್ಲಿ ನೀರು ಸೋರುವ ಪ್ರಿಂಟಿತ್ತು. ಮುದುಕ ಬಲಗೈಯಲ್ಲಿ ತಿನ್ನುತ್ತಿದ್ದ, ಮುದುಕಿಯ ಸೆರಗು ಎಡಹೆಗಲಲ್ಲಿತ್ತು. ಹಿಂದಿನಿಂದ ಪ್ರೇಮಣ್ಣ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

“ಪ್ರೇಮಣ್ಣ” ಎಂದಳು ನಳಿನಾಕ್ಷಿ. “ಎಂಬತ್ತೇಳರಲ್ಲಿ ನೀವು ನನಗೂ ಸರಿಯಾಗಿಯೇ ಹೇಳಿದ್ರಿ ಅಲ್ವಾ?”

ಅವರು ಮುಖವನ್ನು ಪಕ್ಕಕ್ಕೆ ತಿರುಗಿಸಿದರು. ಅವಳನ್ನು ಚೆನ್ನಾಗಿ ನೋಡಬೇಕಾದರೆ ಅವರು ಹಾಗೆಯೇ ತಿರುಗಬೇಕು.

“ಯಾರಿಗೆ ನೆನಪುಂಟು ಮಾರಾಯ್ತಿ, ಅಷ್ಟು ಹಳೇದು” ಎಂದರು.

ಒಣಗಲು ಹಗ್ಗಕ್ಕೆ ಸಿಕ್ಕಿಸುವಾಗ ದಿಶಾಳ ಕೈಯಿಂದ ಪ್ರಿಂಟಿನ ಒಂದು ಮೂಲೆ ಜಾರಿತು. ನಳಿನಾಕ್ಷಿಯ ಕೈ ತಾನಾಗಿಯೇ ಮುಂದೆ ಹೋಯಿತು.

“ಹೇ, ಮುಟ್ಟಬೇಡ!” ಎಂದರು ಪ್ರೇಮಣ್ಣ. “ನೀನು ಕಮಿಟಿ.”

ಅವಳು ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಬೇರೆ ಏನು ಮಾಡುವುದೆಂದು ತಿಳಿಯದೆ ಅಲ್ಲೇ, ದಿಕ್ಕು ಹುಡುಕುವ ಕೆಲಸವಿಲ್ಲದೆ, ಅವರ ಎದುರಿಗೇ ನಿಂತು ಕೈ ಮುಗಿದಳು.